ಎಡ ಶ್ವಾಸಕೋಶದ ಅಚ್ಚುಕಟ್ಟು ಸಂಸಾರಕ್ಕೆ

ಮಾನ್ಯ ಕ್ಯಾನ್ಸರ್ ಕೋಶಗಳೇ,

ತಮ್ಮ ಸಮಸ್ತ ಪರಿವಾರಕ್ಕೂ ಸವಿನಯ ವಂದನೆಗಳು. ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು ಒಟ್ಟಿಗೆ ಉಣ್ಣುವ ಮನೆಗೆ ನಾನು ಯಜಮಾನಿ. ಹೈಸ್ಕೂಲು ಮುಗಿಸಿದ್ದೇನೆ. ಬೀಗದ ಕೈ ಗೊಂಚಲು ಇಂದಿಗೂ ನನ್ನ ಸೊಂಟದಲ್ಲಿದೆ. ನನ್ನನ್ನು ಕೇಳದೆ ಈ ಮನೆಯಲ್ಲಿ ಕುರ್ಚಿಯೂ ಜಾಗ ಬದಲಿಸುವುದಿಲ್ಲ. ಹೀಗಿರುವಾಗ ತಾವು ಹೇಳದೆ ಕೇಳದೆ ನನ್ನ ಎಡ ಶ್ವಾಸಕೋಶದಲ್ಲಿ ಬಿಡಾರ ಹೂಡಿ, ಆಸ್ಪತ್ರೆಯವರು ವಿಕಿರಣ ಹಾಯಿಸಿದರೂ ಕದಲದೆ ಕುಳಿತಿರುವುದು ನನ್ನ ಗಮನಕ್ಕೆ ಬಂದಿದೆ.

ಬಂದದ್ದೂ ಸುತ್ತಿ ಬಳಸಿ. ಅಹಿತವಾದದ್ದನ್ನು ನನಗೆ ನೇರವಾಗಿ ಹೇಳುವ ರೂಢಿ ನಮ್ಮಲ್ಲಿಲ್ಲ. ವೈದ್ಯೆ ಹಿರಿಯ ಮಗನಿಗೆ "ಗಡ್ಡೆ ಕಿರಣಕ್ಕೆ ಜಗ್ಗುತ್ತಿಲ್ಲ" ಎಂದರು. ಅವನು ಹೆಂಡತಿಗೆ "ಗಡ್ಡೆ ಸ್ವಲ್ಪ ಹಟಮಾರಿಯಂತೆ" ಎಂದ. ಅವಳು ಎರಡನೆಯವಳಿಗೆ "ಅತ್ತೇದು ಸ್ವಲ್ಪ ಹಟ ಜಾಸ್ತಿಯಂತೆ" ಎಂದಳು. ಕಿರಿಯ ಸೊಸೆ ನನ್ನ ಮಂಚದ ಪಕ್ಕ ನಿಂತು "ಅತ್ತೆ, ನೀವಿನ್ನು ಹಟ ಮಾಡ್ಬಾರ್ದಂತೆ, ಡಾಕ್ಟ್ರು ಹೇಳಿದಾರೆ" ಎಂದು ಬುದ್ಧಿ ಹೇಳಿದಳು.

ನಾನೇ ಹೋಗಿ ವೈದ್ಯೆಯ ಎದುರು ಕುಳಿತೆ. ಕೋಶಗಳಾದ ತಮ್ಮ ಆಡಳಿತವನ್ನು ಅವರು ವಿವರಿಸಿದಾಗ, ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಕಿರಣ ತಗುಲಿ ತಮ್ಮ ಡಿಎನ್‌ಎ ಎಳೆ ತುಂಡಾದ ಕೂಡಲೇ ಒಂದು ಪ್ರೋಟೀನು ಇನ್ನೊಂದನ್ನು ಎಬ್ಬಿಸುತ್ತದಂತೆ, ಅದು ಮತ್ತೊಂದನ್ನು. ಸುದ್ದಿ ಒಂದಕ್ಷರ ಕೆಡದೆ ದಾಟಿ, ಉಳಿದ ಕೆಲಸವೆಲ್ಲ ನಿಂತು, ರಿಪೇರಿಯವರು ಓಡಿ ಬಂದು ಎಳೆ ಕೂಡಿಸುತ್ತಾರಂತೆ. ಪೆಟ್ಟು ತಿಂದ ಕೋಶ ಸಾಯಬೇಕೆಂಬ ಆಜ್ಞೆ ಮಾತ್ರ ದಾರಿಯಲ್ಲೇ ಅಡಗಿಹೋಗುತ್ತದಂತೆ. ಎಂಥ ಶಿಸ್ತು! ನಮ್ಮಲ್ಲಿ ನಡುಮನೆಯಿಂದ ಬಿಸಿನೀರು ಕೇಳಿದರೆ ಅಡುಗೆಮನೆಯಿಂದ ಕನ್ನಡಕ ಬರುತ್ತದೆ.

ಆದಕಾರಣ ತಮ್ಮ ಸುದ್ದಿಗಾರರಲ್ಲಿ ಒಬ್ಬರನ್ನು ಕೆಲಕಾಲ ನಮ್ಮ ಮನೆಗೆ ಕಳಿಸಿ ಸೊಸೆಯಂದಿರನ್ನು ಪಳಗಿಸಿಕೊಡಬೇಕೆಂದೂ, ರಿಪೇರಿಯವರು ಬಿಡುವಾದಾಗ ನನ್ನ ಮಂಡಿಗಳ ಕಡೆಗೂ ಒಮ್ಮೆ ಹೋಗಿಬರಬೇಕೆಂದೂ ಕೋರುತ್ತೇನೆ. ತಮ್ಮ ಊಟ, ವಸತಿ ಎರಡೂ ನನ್ನವೇ ಆಗಿರುವುದರಿಂದ ಇದೇನೂ ದೊಡ್ಡ ಬೇಡಿಕೆಯಲ್ಲ.

ತಮ್ಮ ಸುದ್ದಿಯ ಸರಪಳಿಯ ನಡುವೆ ನಿಂತವನೊಬ್ಬನ ಬಾಯಿ ಕಟ್ಟುವ ಮಾತ್ರೆ ಇನ್ನೂ ಪರೀಕ್ಷೆಯಲ್ಲಿದೆಯಂತೆ, ಒಪ್ಪಿ ಸಹಿ ಹಾಕಿದವರಿಗೆ ಕೊಡುತ್ತಾರಂತೆ. ಸುದ್ದಿ ಮುಟ್ಟದಿದ್ದರೆ ರಿಪೇರಿ ಇಲ್ಲ. ಆಗ ಕಿರಣ ನಾಟಬಹುದು. ನಾಟದೆಯೂ ಇರಬಹುದು, ನನ್ನ ಒಳ್ಳೆಯ ಕೋಶಗಳಿಗೇ ಪೆಟ್ಟು ಬೀಳಬಹುದು ಎಂಬುದನ್ನೂ ವೈದ್ಯೆ ಮುಚ್ಚಿಡಲಿಲ್ಲ. ಹಿರಿಯವನು "ಅಮ್ಮಾ, ಈ ವಯಸ್ಸಲ್ಲಿ ಯಾಕೆ ಇದೆಲ್ಲ? ಆರಾಮಾಗಿರು" ಎಂದ. ಆರಾಮೆಂದರೆ ನಾನು ಮಲಗಿಕೊಂಡು ತಾವು ಬೆಳೆಯುವುದನ್ನು ನೋಡುತ್ತಿರುವುದೆಂದು ಅವನಿಗೆ ಹೊಳೆಯಲಿಲ್ಲ. "ನಾವೆಲ್ಲ ಕೂತು ಮಾತಾಡಿ ಹೇಳ್ತೀವಿ" ಎಂದು ಎದ್ದುಹೋದ. ಈಗಲೂ ಊಟದ ಕೋಣೆಯಲ್ಲಿ ಕೂತು ಮಾತಾಡುತ್ತಿದ್ದಾರೆ.

ತಾವು ಜಾಗ ಖಾಲಿ ಮಾಡುವವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಮನೆಯ ಯಜಮಾನಿ

ಮರೆತ ಮಾತು: ನಾನು ನಿನ್ನೆಯೇ ಒಪ್ಪಿಗೆಯ ಸಹಿ ಹಾಕಿದ್ದೇನೆ. ಇವತ್ತು ಬೆಳಿಗ್ಗೆ ಆ ಮಾತ್ರೆ ನುಂಗಿ, ಕಿರಣ ಹಾಯಿಸಿಕೊಂಡು ಬಂದೇ ಈ ಪತ್ರಕ್ಕೆ ಕೂತದ್ದು. ಉತ್ತರ ಬರೆಯುವ ತೊಂದರೆ ಬೇಡ. ತಮ್ಮ ರಿಪೇರಿಯವರನ್ನೊಮ್ಮೆ ಕೂಗಿ ಕರೆದು ನೋಡಿ, ಯಾರಾದರೂ ಓಗೊಡುತ್ತಾರೋ ಎಂದು.