ಅತ್ತೆಯವರ ಜಪಮಾಲೆ ತೊಳೆದ ಕಥೆ

ಸಂಶಯಪಡುವುದು ಪಾಪವೆಂದು ಪುರಾಣ ಹೇಳುವವರು ಹೇಳುತ್ತಾರೆ. ಅವರಿಗೇನು, ಮನೆಗೆ ಹಾಲು ಕೊಳ್ಳುವುದು ಅವರ ಹೆಂಡಂದಿರು. ನನಗಂತೂ ಶಿವನೊಬ್ಬನನ್ನು ಬಿಟ್ಟು ಉಳಿದ ಎಲ್ಲದರ ಮೇಲೂ ಸಂಶಯ. ಹಾಲಿಗೆ ಬೆರಳದ್ದಿ ನೋಡುತ್ತೇನೆ. ಅಕ್ಕಿಆಲೂರಿನಿಂದ ಬಂದ ಅಕ್ಕಿಯನ್ನು, ಅದು ನನ್ನ ತವರಿನ ಕಡೆಯದೇ ಆದರೂ, ಮೂರು ಸಲ ಕೇರುತ್ತೇನೆ. ಪಕ್ಕದ ಮನೆಯ ನೀಲವ್ವ ನನ್ನ ಅಡಿಗೆಯನ್ನು ಹೊಗಳಿದರೆ ಮೊದಲು ಅವಳ ಕೈಯಲ್ಲಿ ಖಾಲಿ ಬಟ್ಟಲಿದೆಯೇ ಎಂದು ನೋಡುತ್ತೇನೆ. ದೇವರು ಕೊಟ್ಟ ಎರಡು ಕಣ್ಣು ಈ ವಯಸ್ಸಿನಲ್ಲೂ ನೆಟ್ಟಗಿವೆ, ಅದೇ ಅವನ ಕೃಪೆ. ಅವನ್ನು ಬಳಸದೆ ಇಟ್ಟರೆ ಅವನಿಗೇ ಬೇಸರವಾದೀತು.

ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾವು ಸವಣೂರಿನಲ್ಲಿದ್ದೆವು. ಅತ್ತೆಯವರ ರುದ್ರಾಕ್ಷಿ ಮಾಲೆ ಎಂದರೆ ನಮ್ಮ ಮನೆಯ ಎರಡನೆಯ ದೇವರು. ಮಾವನವರು ಕಾಶಿಯಿಂದ ತಂದದ್ದು. ನೂರೆಂಟು ಮಣಿ, ಮೇಲೊಂದು ಮೇರುಮಣಿ. ಎಣಿಸುವ ಬೆರಳು ಯಾರ ಕಣ್ಣಿಗೂ ಬೀಳಬಾರದೆಂದು ಅದಕ್ಕೊಂದು ಕೆಂಪು ಜಪದ ಚೀಲ. ಆ ಚೀಲದೊಳಗೆ ಬಲಗೈ ಇಳಿಸಿ ಅತ್ತೆಯವರು ಗೋಡೆಗೆ ಒರಗಿದರೆಂದರೆ ಮನೆಯಲ್ಲಿ ಬೆಕ್ಕು ಕೂಡ ಮೆಲ್ಲಗೆ ನಡೆಯುತ್ತಿತ್ತು. ಹಿರೇಕೆರೂರಿಗೆ ಕೊಟ್ಟ ಮಗಳ ಬಾಣಂತನಕ್ಕೆ ಅವರು ಹೊರಡುವ ಹಿಂದಿನ ದಿನವೇ ಮಾಲೆಯ ದಾರ ಹರಿಯಿತು. ತೊಳೆದು, ಹೊಸದಾಗಿ ಪೋಣಿಸಿ ಇಡುವ ಕೆಲಸ ನನ್ನ ಪಾಲಿಗೆ ಬಂತು. ಮಣಿಗಳನ್ನು ನನ್ನೆದುರು ಎಣಿಸಿ ತಟ್ಟೆಗೆ ಹಾಕಿದರು.

"ಯಾಕ್ರಿ ಅತ್ತಿ, ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?" ಎಂದೆ.

"ಐತವ್ವ. ಅದಕ್ಕ ಎರಡು ಸಲ ಅಷ್ಟ ಎಣಿಸೇನಿ," ಎಂದರು.

ರುದ್ರಾಕ್ಷಿ ಎಂದರೆ ಹಸುಗೂಸಿಗಿಂತ ನಾಜೂಕು. ಕುದಿಯುವ ನೀರು ಆಗದು, ಸಾಬೂನು ಆಗದು, ಬಿಸಿಲು ಆಗದು. ತೆಂಗಿನ ನಾರಿನ ಮೆತ್ತನೆಯ ಕುಂಚ ಕಟ್ಟಿಕೊಂಡು ಮೊದಲು ಒಣಗೈಯಲ್ಲೇ ಒಂದೊಂದು ಮಣಿಯ ಗೀರುಗಳ ಕೊಳೆ ಬಿಡಿಸಿದೆ. ಸಣ್ಣಗೆ ಧೂಳೆದ್ದಿತು. ನಾನು ಸೀನಿದೆ. ಕಚೇರಿಗೆ ಹೊರಟಿದ್ದ ನಮ್ಮ ಮನೆಯವರು ಹೊಸ್ತಿಲಲ್ಲಿ ಸೀನಿದರು. ಸೀನಿದ ಮೇಲೆ ಹೊರಡುವಂತಿಲ್ಲವಲ್ಲ. ಒಳಗೆ ಬಂದು ಕುಳಿತು ನೀರು ಕುಡಿದು ಎದ್ದರು, ಮತ್ತೆ ಸೀನಿದರು. ಹೀಗೆ ಐದು ಸಲ. ನೀಲವ್ವ ಮೆಣಸಿನಕಾಯಿ ಹುರಿಯುತ್ತಿರಬೇಕೆಂದು ನಾನು ಗೋಡೆಯ ಕಡೆ ನೋಡಿ ಹಲ್ಲು ಕಡಿದೆ. ಆಮೇಲೆ ಮಣಿಗಳನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿದರೆ ನೀರು ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿತು. ನಲವತ್ತು ವರ್ಷದ ಜಪ ಇಳಿದ ನೀರನ್ನು ಬಚ್ಚಲಿಗೆ ಚೆಲ್ಲಲು ಮನಸ್ಸು ಬರಲಿಲ್ಲ. ಕಣ್ಣಿಗೊತ್ತಿಕೊಂಡು ಮೂರು ಸಲ ತೀರ್ಥವೆಂದು ಕುಡಿದೆ. ಕಹಿಯಿತ್ತು, ಗಂಟಲು ಉರಿಯಿತು. ತಪಸ್ಸು ಸಿಹಿಯಾಗಿರುವುದೆಲ್ಲಿ ಎಂದು ಸಮಾಧಾನ ಮಾಡಿಕೊಂಡೆ. ಮಣಿಗಳನ್ನು ನೆರಳಲ್ಲಿ ಆರಿಸಿ ಎಳ್ಳೆಣ್ಣೆ ಸವರಿದಾಗ, ಇದ್ದಿಲಿನಂತಿದ್ದವು ಬೆಲ್ಲದ ಬಣ್ಣಕ್ಕೆ ಬಂದು ಹೊಳೆದವು.

ಪೋಣಿಸುವ ಕೆಲಸ ಪಟವೇಗಾರ ಖಾದರಸಾಬರದು. ಊರಿನ ಹೆಂಗಸರ ಚಿನ್ನದ ಗುಂಡಿನ ಬೋರಮಾಳ, ತಾಳಿ, ಮಕ್ಕಳ ಉಡಿದಾರ ಎಲ್ಲ ಅವರ ಕೈಯಲ್ಲೇ ರೇಷ್ಮೆ ದಾರ ಕಾಣುತ್ತಿದ್ದವು. ಅವರ ಕಟ್ಟೆಯ ಮೇಲೆ ಕುಳಿತು, ಮೊದಲ ಮಣಿಯಿಂದ ಮೇರುವಿನವರೆಗೆ ಕಣ್ಣು ಮಿಟುಕಿಸದೆ ಕಾಯಬೇಕೆಂದೇ ಹೋಗಿದ್ದೆ. ಆದರೆ ಯುದ್ಧದಿಂದಾಗಿ ರೇಷ್ಮೆ ಸಿಗದ ಕಾಲ. "ಬಿಟ್ಟು ಹೋಗ್ರಿ ಅಕ್ಕಾರ, ದಾರ ಬಂದ ಕೂಡ್ಲೆ ಮಾಡಿಡ್ತೇನಿ," ಎಂದರು. ಲಾಡಿ ಸವೆದಿದ್ದ ಜಪದ ಚೀಲವನ್ನೂ ಅಲ್ಲೇ ಕೊಟ್ಟು ಬಂದೆ. ವಾರದ ಮೇಲೆ ಮಾಲೆ ಬಂತು, ಚೀಲದ ಕೆಲಸ ಉಳಿಯಿತು. ಎಣಿಸಿದೆ. ನೂರೆಂಟು, ಮೇರು ಒಂದು. ಸದ್ಯ ಎಂದುಕೊಂಡೆ.

ಬಾಣಂತನ ಮುಗಿಸಿಕೊಂಡು ಮೂರು ತಿಂಗಳ ಮೇಲೆ ಅತ್ತೆಯವರು ಬಂದರು. ಕೈಕಾಲು ತೊಳೆದು ಮಾಲೆ ಹಿಡಿದರು, ಕಣ್ಣಿನ ಹತ್ತಿರ ತಂದರು, ಆಮೇಲೆ ಮೂಗಿನ ಹತ್ತಿರ ತಂದರು. "ಇವು ನನ್ನ ಮಣಿ ಅಲ್ಲ," ಎಂದರು.

"ನಿಮ್ಮವ ಅದಾವ್ರಿ ಅತ್ತಿ. ನಾನ ಕೈಯಾರ ತೊಳದೇನಿ."

"ನಲವತ್ತು ವರ್ಷ ಹಿಡದ ಕೈಗೆ ಗೊತ್ತಾಗಂಗಿಲ್ಲೇನ? ನನ್ನ ಮಣಿಗೆ ಒಂದು ವಾಸ್ನಿ ಇತ್ತು. ಇವು ಬರೇ ಎಣ್ಣಿ ನಾರ್ತಾವ."

ಮಗಳ ಮನೆಯಲ್ಲಿ ಹೇಗೋ ಬೆರಳೆಣಿಸಿ ಸಾಗಿಸಿದ್ದರಂತೆ; ಮನೆಗೆ ಬಂದ ಮೇಲೆ ಮಾಲೆಯ ಜಪವಾಗದೆ ಅವರು ಊಟ ಮಾಡುವವರಲ್ಲ. ಪರರ ಮಣಿಯಲ್ಲಿ ಜಪವಾಗದೆಂದು ಎರಡು ದಿನ ಬರೀ ಹಾಲು ಕುಡಿದು ಕುಳಿತರು. ನೀಲವ್ವ ಬಂದು ಉಪಾಯ ಹೇಳಿದಳು: "ನೀರಾಗ ಹಾಕ್ರಿ. ಖರೇವಿದ್ರ ಮುಳುಗ್ತಾವ, ಖೋಟಾ ಇದ್ರ ತೇಲ್ತಾವ." ಹಾಕಿದೆವು. ಮಾಲೆ ಮಜ್ಜಿಗೆಯ ಮೇಲಿನ ಕೊತ್ತಂಬರಿಯ ಹಾಗೆ ತೇಲಿತು.

"ಕಾಶಿ ಮಣಿ ಆ ಪಟವೇಗಾರ ನುಂಗಿದ ನೋಡ್ರಿ!" ಎಂದಳು ನೀಲವ್ವ. ನಿಜ ಹೇಳುತ್ತೇನೆ, ನನಗೆ ಒಳಗೊಳಗೆ ಸ್ವಲ್ಪ ಹೆಮ್ಮೆಯೇ ಆಯಿತು. ಅಂದು ಕಾಯಬೇಕೆಂದಿದ್ದೆನಲ್ಲ! ಸಂಜೆಯೊಳಗೆ ಮಾತು ಮೂರು ಓಣಿ ದಾಟಿತು. ಪೋಣಿಸಲು ಕೊಟ್ಟಿದ್ದ ಬೋರಮಾಳವನ್ನು ಒಬ್ಬಾಕೆ ಹಾಗೇ ಬಿಡಿ ಗುಂಡುಗಳಲ್ಲೇ ವಾಪಸು ತಂದಳಂತೆ. ಇನ್ನೊಬ್ಬಳು ತಾಳಿ ಕೊಡಲು ಹೊರಟವಳು ಅರ್ಧ ದಾರಿಯಿಂದ ತಿರುಗಿದಳಂತೆ.

ಮರುದಿನ ಮಾಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೇಳಿಯೇ ಬಿಡುತ್ತೇನೆಂದು ಹೋದೆ. ಕಟ್ಟೆಯ ಮೇಲೆ ಬೇರೆ ಯಾರೂ ಇರಲಿಲ್ಲ. ಖಾದರಸಾಬರು ಕೆಲಸವಿಲ್ಲದ ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿದ್ದರು.

"ತೇಲ್ತಾವಲ್ರಿ ಮಣಿ," ಎಂದೆ.

"ತಿಂಗಳಗಟ್ಲೆ ನೆರಳಾಗ ಒಣಗಿದ್ದು, ಮ್ಯಾಲ ಎಣ್ಣಿ ಕುಡದದ್ದು ತೇಲದ ಏನ್ ಮಾಡೀತ್ರಿ? ಒಂದು ದಿನ ನೆನೆ ಇಡ್ರಿ, ತಾವ ಮುಳುಗ್ತಾವ," ಎಂದರು. "ದೇವರ ಹೆಸರು ಎಣಿಸೋ ಮಣಿ ಅಕ್ಕಾರ. ನನ್ನ ಮನ್ಯಾಗೂ ತಸ್ಬಿ ಮಾಲಿ ಐತಿ. ಅದನ್ನ ಕದ್ದು ನಾ ಎಲ್ಲಿಗೆ ಹೋಗ್ಲಿ?" ಎದ್ದು ಒಳಗಿನಿಂದ ಜಪದ ಚೀಲ ತಂದುಕೊಟ್ಟರು. ಹೊಸ ಲಾಡಿ ಹಾಕಿ ಎರಡು ಗೊಂಡೆಯನ್ನೂ ಕಟ್ಟಿದ್ದರು. "ಒಳಗ ಮೂಲ್ಯಾಗ ಏನೋ ಹೊಲದಿಟ್ಟಾರ್ರಿ ಹಿರ್ಯಾರು. ನಾ ಬಿಚ್ಚಿಲ್ಲ."

ನಾನು ಬಿಡುತ್ತೇನೆಯೇ? ಚೀಲ ತಿರುವಿದೆ. ಮೂಲೆಯಲ್ಲೊಂದು ಪುಟ್ಟ ಜೇಬು, ಜೇಬಿನಲ್ಲೊಂದು ಪೊಟ್ಟಣ. ಅದನ್ನು ಬಿಡಿಸಿದ್ದೇ ತಡ ನಾನೂ ಖಾದರಸಾಬರೂ ಎದುರುಬದುರು ನಿಂತು ಸೀನತೊಡಗಿದೆವು. ಅದು ನಶ್ಯ! ಹತ್ತು ವರ್ಷದ ಹಿಂದೆ ಮಠದ ಸ್ವಾಮಿಗಳ ಮುಂದೆ ನಶ್ಯ ಬಿಟ್ಟು, ಅಂದಿನಿಂದ ಓಣಿಯ ಮುದುಕಿಯರಿಗೆಲ್ಲ ಬುದ್ಧಿ ಹೇಳಿಕೊಂಡು ಬಂದಿದ್ದ ನಮ್ಮ ಅತ್ತೆಯವರ ಚೀಲದಲ್ಲಿ! ಆ ಕಪ್ಪು, ಆ ವಾಸನೆ, ನಾನು ಕಣ್ಣಿಗೊತ್ತಿಕೊಂಡು ಕುಡಿದ ಆ ತೀರ್ಥ, ಎಲ್ಲ ಒಮ್ಮೆಲೇ ಅರ್ಥವಾಯಿತು.

"ಮೊದಲನೇ ದಿನಾನ ಮೂಗಿಗೆ ಗೊತ್ತಾಗಿತ್ರಿ," ಎಂದರು ಖಾದರಸಾಬರು, ಕಣ್ಣೊರೆಸಿಕೊಳ್ಳುತ್ತ. "ಮಂದಿ ಮನೀ ಮಾತು. ನಾ ಯಾಕ ಆಡ್ಲಿ?"

ಕಳ್ಳನೆಂದು ಊರು ಅಂದರೂ ಬಾಯಿ ಬಿಡದ ಮನುಷ್ಯನ ಮುಂದೆ ನಾನು ಸೆರಗಿನಲ್ಲಿ ಮಾಲೆ ಗಂಟು ಹಾಕಿಕೊಂಡು ನಿಂತಿದ್ದೆ. ಬಾಯಿಬಿಟ್ಟರೆ ಅತ್ತೆಯವರ ಮಾನ ಹೋಗುತ್ತದೆ, ಸುಮ್ಮನಿದ್ದರೆ ಈತನ ಅನ್ನ ಹೋಗುತ್ತದೆ. "ತಪ್ಪಾತ್ರಿ ಸಾಹೇಬ್ರ. ನಾಳೆ ಸಂಜಿಯೊಳಗ ಸರಿ ಮಾಡ್ತೇನಿ," ಎಂದು ಬಂದೆ.

ಬರುವ ದಾರಿಯಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ಅಂಗಡಿಯಲ್ಲಿ ಒಂದು ಡಬ್ಬಿ ನಶ್ಯ ಕೊಂಡೆ. ಅಂಗಡಿಯವನು ನನ್ನನ್ನೊಮ್ಮೆ ನೋಡಿ, "ಖಾರದ್ದೋ, ಮೆತ್ತಂದೋ?" ಎಂದ. ಹಿತ್ತಿಲಿನಲ್ಲಿ ಕುಳಿತು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಶಿವನ ಕ್ಷಮೆ ಕೇಳುತ್ತ, ನೂರೆಂಟು ಮಣಿಗೂ ಒಂದೊಂದಾಗಿ ನಶ್ಯ ತಿಕ್ಕಿದೆ. ಪೊಟ್ಟಣವನ್ನು ತುಂಬಿ ಅದೇ ಜೇಬಿಗಿಟ್ಟು, ಮಾಲೆಯನ್ನು ಚೀಲಕ್ಕಿಳಿಸಿ ಅತ್ತೆಯವರ ಮುಂದಿಟ್ಟೆ. "ಚೀಲದಾಗ ಒಂದು ರಾತ್ರಿ ಇರ್ಲಿ ಬಿಡ್ರಿ ಅತ್ತಿ, ಹಳೇ ಗುಣ ಬರಬಹುದು," ಎಂದೆ.

ಬೆಳಗ್ಗೆ ಅವರು ಚೀಲದೊಳಗೆ ಕೈ ಇಳಿಸಿದರು. ಕೈ ಮೂಲೆಯ ಜೇಬಿನವರೆಗೆ ಹೋಗಿ ನಿಂತಿತು. ನನ್ನ ಮುಖ ನೋಡಿದರು. ನಾನು ರೊಟ್ಟಿ ಬಡಿಯುತ್ತಿದ್ದೆ. "ಇವು ನನ್ನವ ಅದಾವ!" ಎಂದು ಘೋಷಿಸಿದರು. ಅಂದು ಎರಡು ರೊಟ್ಟಿ ಹೆಚ್ಚು ತಿಂದರು. ನೀಲವ್ವನನ್ನು ಕರೆಸಿ, ಬಡಪಾಯಿ ಮನುಷ್ಯನ ಮೇಲೆ ಅಪವಾದ ಹೊರಿಸಿದಳೆಂದು ಅರ್ಧ ತಾಸು ಬೈದರು. ಸಂಜೆಗೆ ಬೋರಮಾಳದ ಗುಂಡುಗಳು ಖಾದರಸಾಬರ ಕಟ್ಟೆಗೆ ಮರಳಿದವು. ಶಿವ ದೊಡ್ಡವನು ಎಂದು ನಾನು ಕೈಮುಗಿದೆ.

ಮೂರನೆಯ ದಿನ ಜೋಳದ ಗಡಿಗೆಯಲ್ಲಿ ನಾನು ಬಚ್ಚಿಟ್ಟಿದ್ದ ಡಬ್ಬಿ ಅತ್ತೆಯವರ ಕೈಗೆ ಸಿಕ್ಕಿತು. ನಮ್ಮ ಮನೆಯವರೂ ನೀಲವ್ವನೂ ಎದುರಿಗೇ ಇದ್ದರು. "ಶಿವ ಶಿವಾ! ಯಾವಾಗಿಂದ ನಡದೈತವ್ವ ಇದು?" ಎಂದರು. ನಾನು ಗಡಿಗೆಯ ಬಾಯಿ ಮುಚ್ಚಿದೆ. "ಅಂಜಬ್ಯಾಡ. ನಾ ಬಿಡಲಿಲ್ಲೇನು? ಮನಸ್ಸು ಗಟ್ಟಿ ಮಾಡಿದ್ರ ಬಿಡಾಕ ಬರ್ತೈತಿ. ಇದು ನನ್ನ ಹಂತೇಕ ಇರ್ಲಿ, ನಿನ್ನ ಕಣ್ಣಿಗೆ ಬೀಳೂದು ಬ್ಯಾಡ," ಎಂದು ಡಬ್ಬಿಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ಡಬ್ಬಿ ಎರಡು ತಿಂಗಳು ಬಾಳಿತು. ಸೊಸೆಯ ಕೆಟ್ಟ ಚಟ ಬಿಡಿಸಿದ ಪುಣ್ಯವಂತೆ ಎಂದು ಓಣಿಯ ಹೆಂಗಸರು ಇಂದಿಗೂ ಅವರನ್ನು ಹೊಗಳುತ್ತಾರೆ. ಮಾತಿನ ನಡುವೆ ನಾನು ಎಲ್ಲಾದರೂ ಸೀನಿದರೆ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.