ನಮ್ಮ ಕಾಲೊನಿಯ ಪ್ರೇಕ್ಷಣೀಯ ಸ್ಥಳಗಳು

ನಮ್ಮ ಕಾಲೊನಿಯಲ್ಲಿ ನಗುವಂಥದ್ದೇನೂ ನಡೆಯದೆ ಒಂದು ವಾರ ಕಳೆದರೆ, ನಾವೆಲ್ಲ ರಜೆ ಹಾಕಿ ಊರಿಗೆ ಹೋಗಿದ್ದೇವೆ ಎಂದೇ ಅರ್ಥ. ಲಿಂಗಂಪಲ್ಲಿ ಸ್ಟೇಷನ್ನಿನಿಂದ ಎರಡು ಮೈಲಿ ದೂರ, ಬರೀ ಬಂಡೆ ಮತ್ತು ಸೀತಾಫಲದ ಗಿಡ ಇದ್ದ ಜಾಗದಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆಯ ನೌಕರರಾದ ನಾವು ಮನೆ ಕಟ್ಟಿಕೊಂಡೆವು. ಆಗ ಊರಿನವರೆಲ್ಲ ನಕ್ಕರು. ಆಮೇಲೆ ಸಾಫ್ಟ್‌ವೇರ್ ಬಂತು. ಸುತ್ತ ಗಾಜಿನ ಕಟ್ಟಡಗಳು ಎದ್ದವು. ಆಟೋದವರೂ ನಮ್ಮ ಏರಿಯಾವನ್ನು 'ಹೈಟೆಕ್' ಅನ್ನತೊಡಗಿದರು. ನೀರು ಮಾತ್ರ ಮೊದಲಿನಂತೆ ದಿನ ಬಿಟ್ಟು ದಿನವೇ ಬರುತ್ತಿತ್ತು.

ಹೈಟೆಕ್ ಅಂದಮೇಲೆ ನೆಂಟರು ಬಿಡುತ್ತಾರೆಯೇ? ಚಾರ್‌ಮಿನಾರ್ ತೋರಿಸುವುದು ಅರ್ಧ ದಿನದ ಕೆಲಸ. ಉಳಿದ ಒಂಬತ್ತು ದಿನ ಅವರು "ನಿಮ್ಮ ಕಡೆ ನೋಡುವಂಥಾದ್ದು ಏನೈತಿ?" ಅಂತ ಕೇಳುತ್ತಾರೆ.

ಆನೆಬಂಡೆ

ಮೊದಲಿಗೆ ನಮ್ಮಲ್ಲಿ ನಿಜವಾಗಿಯೂ ನೋಡುವಂಥದ್ದೊಂದಿತ್ತು. ಕಾಲೊನಿಯ ಎದುರಿಗೆ ಒಂದರ ಮೇಲೊಂದು ಬಂಡೆ ಕೂತು, ಥೇಟ್ ಮಂಡಿಯೂರಿದ ಆನೆಯಂತೆ ಕಾಣುತ್ತಿತ್ತು. ಭಾನುವಾರ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಅದರ ನೆರಳಿಗೆ ಹೋಗಿ ಕೂರುತ್ತಿದ್ದೆವು.

ಒಂದು ದಿನ ಆ ಜಾಗಕ್ಕೆ ಬಿಲ್ಡರ್ ಬಂದ. ಬಣ್ಣದ ಕಾಗದದಲ್ಲಿ ಆನೆಬಂಡೆಯ ಫೋಟೋ ಹಾಕಿ, 'ರಾಕ್ ವ್ಯೂ ಅಪಾರ್ಟ್‌ಮೆಂಟ್ಸ್' ಎಂದು ಮನೆಮನೆಗೂ ಹಂಚಿಸಿದ. ಮೊದಲು ಮರುಳಾದವರು ನಮ್ಮ ಎದುರುಮನೆಯವರು. ಕಾರ್ಖಾನೆಯಲ್ಲಿ ನನಗಿಂತ ಸೀನಿಯರ್, ಗದಗಿನ ಕಡೆಯವರು, ಕಾಲೊನಿಯ ಸಂಘಕ್ಕೆ ಹುಟ್ಟಿದಾಗಿನಿಂದಲೂ ಅವರೇ ಸೆಕ್ರೆಟರಿ. ಮನೆಯವರೂ ಅವರನ್ನು ಸೆಕ್ರೆಟರಿ ಎಂದೇ ಕರೆಯುತ್ತಾರೆ.

"ಮೂರನೇ ಮಹಡಿ ಬುಕ್ ಮಾಡೀನ್ರಿ. ಮುಂಜಾನೆ ಎದ್ದು ಕಣ್ಣು ಬಿಟ್ರ ಆನಿ ದರ್ಶನ" ಎಂದು ನನಗೆ ಹೊಟ್ಟೆಕಿಚ್ಚು ಬರುವವರೆಗೂ ಹೇಳಿದರು.

ಮರುತಿಂಗಳು ಕೆಲಸ ಶುರುವಾಯಿತು. ಮೊದಲ ದಿನವೇ ಮದ್ದು ಇಟ್ಟು ಹಾರಿಸಿದ್ದು ಆನೆಬಂಡೆಯನ್ನು. ಪಾಯ ಬರುವುದು ಅಲ್ಲಿಯೇ ಅಂತೆ. ಸೆಕ್ರೆಟರಿ ಬನಿಯನ್ನಿನಲ್ಲೇ ಓಡಿಹೋಗಿ ಸೈಟಿನ ಮ್ಯಾನೇಜರನ ಮುಂದೆ ಬಣ್ಣದ ಕಾಗದ ಹಿಡಿದರು. "ನಮ್ಮ ಬಂಡೆ ಎಲ್ಲಿ?"

"ಎಕ್ಕಡಿಕೀ ಪೋಲೇದು ಸಾರ್" ಎಂದ ಆ ಪುಣ್ಯಾತ್ಮ, ಒಂಚೂರೂ ವಿಚಲಿತನಾಗದೆ. ಎಲ್ಲಿಗೂ ಹೋಗಿಲ್ಲವಂತೆ. ಒಡೆದು, ಖಡಿ ಮಾಡಿ, ಇದೇ ಕಟ್ಟಡದ ಕಾಂಕ್ರೀಟಿಗೆ ಹಾಕುತ್ತಾರಂತೆ.

ಈಗ ಸೆಕ್ರೆಟರಿ ಅದೇ ಮೂರನೇ ಮಹಡಿಯಲ್ಲಿದ್ದಾರೆ. ಕಿಟಕಿಯಿಂದ ಪಕ್ಕದ ಬಿಲ್ಡಿಂಗಿನವರು ಒಣಹಾಕಿದ ಬಟ್ಟೆ ಕಾಣುತ್ತದೆ. ನೆಂಟರು ಬಂದು "ಆನೆಬಂಡೆ ಎಲ್ಲಿ?" ಎಂದು ಕೇಳಿದರೆ, ಅವರು ಎದ್ದು ಹಾಲಿನ ಕಂಬಕ್ಕೆ ಎರಡು ಸಲ ಬಡಿದು, "ಇದರೊಳಗ ಐತ್ರಿ" ಅನ್ನುತ್ತಾರೆ.

ಗಾಜಿನ ಕಟ್ಟಡ

ಬಂಡೆ ಹೋದ ಮೇಲೆ ತೋರಿಸಲು ಉಳಿದದ್ದು ಗಾಜಿನ ಕಟ್ಟಡಗಳು. ರೋಣದಿಂದ ನಮ್ಮ ಅಕ್ಕ ಬಂದಳು. ಬಂದವಳೇ, "ನಂಗ ಬಳಿ ಅಂಗಡಿ ಬ್ಯಾಡ, ಮ್ಯೂಸಿಯಂ ಬ್ಯಾಡ. ಆ ಗಾಜಿನ ಬಿಲ್ಡಿಂಗ್ ತೋರಸು. ನಮ್ಮ ಬಾಜೂ ಮನಿಯಾಕಿ ನೋಡಿ ಬಂದು ಆರು ತಿಂಗಳಿಂದ ಅದನ್ನ ಹೇಳಾಕತ್ತಾಳ" ಎಂದಳು. ಅಕ್ಕನ ಮರ್ಯಾದೆಯ ಪ್ರಶ್ನೆ. ಒಂದು ದಿನ ರಜೆ ಹಾಕಿ ಕರೆದುಕೊಂಡು ಹೋದೆ.

ಗೇಟಿನ ಕಾವಲುಗಾರ "ದೂರ್ ಸೇ ದೇಖೋ, ಫೋಟೋ ನಹೀಂ" ಎಂದ. ಅಕ್ಕ ಅವನಿಗೆ ಎರಡು ಕರದಂಟು ಕೊಟ್ಟಳು. ದೂರ ಎಂಬುದು ತಾನಾಗಿಯೇ ಹತ್ತಿರವಾಯಿತು.

ಗೋಡೆಯ ಉದ್ದಕ್ಕೂ ಕನ್ನಡಿಯಂಥ ಗಾಜು. ಬಸ್ಸಿನ ಗಾಳಿಗೆ ಅಕ್ಕನ ಕೂದಲು ಕೆದರಿತ್ತು. ಅವಳು ತುರುಬು ಬಿಚ್ಚಿ, ಚೀಲದಿಂದ ಹಣಿಗೆ ತೆಗೆದು, ನಿಧಾನವಾಗಿ ಬಾಚಿಕೊಂಡಳು. ಕುಂಕುಮ ಸರಿಮಾಡಿಕೊಂಡಳು. ಬಾಯಿ ಅಗಲಿಸಿ, ಹಿಂದಿನ ಹಲ್ಲಿಗೆ ಸಿಕ್ಕಿದ್ದ ಅಡಿಕೆಚೂರನ್ನು ಬೆರಳಿನಿಂದ ತೆಗೆದಳು. ಬಳಿಕ ನನ್ನತ್ತ ತಿರುಗಿ, "ನೀನೂ ಬಾರೋ. ಎಷ್ಟು ಸಣ್ಣಾಗೀದಿ ನೋಡ್ಕೋ" ಎಂದಳು. ನಾನೂ ಹೋಗಿ, ಹೊಟ್ಟೆ ಒಳಗೆ ಎಳೆದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡೆ. ಪರವಾಗಿಲ್ಲ ಅನ್ನಿಸಿತು.

ಅಷ್ಟರಲ್ಲಿ ಕಾವಲುಗಾರ ಏದುಸಿರು ಬಿಡುತ್ತ ಓಡಿಬಂದ. "ಸಾಬ್, ಹಟೋ! ಅಂದರ್ ಮೀಟಿಂಗ್ ಚಲ್ ರಹಾ ಹೈ!"

ಆ ಗಾಜು ಹೊರಗಿನವರಿಗೆ ಕನ್ನಡಿ, ಒಳಗಿನವರಿಗೆ ಕಿಟಕಿ ಎಂಬ ಸಂಗತಿ ಆಗ ತಿಳಿಯಿತು. "ಇಷ್ಟು ದೊಡ್ಡ ಕನ್ನಡಿ ಹಚ್ಚಿದವರು ಒಂದು ಬೋರ್ಡ್ ಹಚ್ಚಾಕ ಆಗಲಿಲ್ಲೇನು?" ಎಂದು ಅಕ್ಕ ಅವನಿಗೇ ಬೈದಳು.

ಸೆಕ್ರೆಟರಿಯ ಮಗಳಿಗೆ ಕೆಲಸ ಅದೇ ಕಟ್ಟಡದಲ್ಲಿ. ಸಂಜೆ ಬಂದು ಹೇಳಿದಳು: "ಅಂಕಲ್, ಪರದೇಶದಿಂದ ದೊಡ್ಡ ಕ್ಲೈಂಟ್ ಬಂದಿದ್ರು. ನಾವು ಎರಡು ತಾಸು ಏನೇನೋ ತೋರಿಸಿದ್ವಿ, ತೂಕಡಿಸಾಕತ್ತಿದ್ರು. ನೀವಿಬ್ಬರೂ ಬಂದ ಮ್ಯಾಲೆ ನೆಟ್ಟಗ ಎದ್ದು ಕುಂತ್ರು."

"ಏನಂದ್ರವಾ ಅವರು?" ಎಂದೆ, ಧ್ವನಿ ಇಳಿಸಿ.

"ಈ ಪ್ರೋಗ್ರಾಂ ನಾಳೆನೂ ಐತೇನು ಅಂತ ಕೇಳಿದ್ರು."

ಅಚ್ಚ ಕನ್ನಡ

ನಮ್ಮ ಕನ್ನಡ ಸಂಘ ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಎಚ್ಚರಗೊಳ್ಳುತ್ತದೆ. ಆ ವರ್ಷ ಮಕ್ಕಳಿಗೆ ಭಾಷಣ ಸ್ಪರ್ಧೆ ಇಟ್ಟರು. ಬೇರೆ ಭಾಷೆಯ ಒಂದೇ ಒಂದು ಪದ ಬಂದರೂ ಔಟ್. ನಿಯಮದಲ್ಲೇ 'ಔಟ್' ಎಂದು ಬರೆದಿತ್ತು.

ಮೊದಲನೆಯ ಹುಡುಗ "ಮೈ ಡಿಯರ್ ಕನ್ನಡಿಗಾಸ್" ಎಂದು ಶುರುಮಾಡಿ ಕೂತ. ಎರಡನೆಯವಳು ನನ್ನ ಮಗಳು. ಹದಿನೈದು ದಿನ ಬಾಯಿಪಾಠ ಮಾಡಿಸಿದ್ದೆ. ಮೈಕಿನ ಮುಂದೆ ನಿಂತು "ಅಂದರಿಕೀ ನಮಸ್ಕಾರಂ" ಎಂದು ತೆಲುಗಿನಲ್ಲೇ ಕೈ ಮುಗಿದಳು. ಪಕ್ಕದಲ್ಲಿ ಕೂತ ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಹೀಗೆ ಎಲ್ಲರೂ ಉದುರಿದ ಮೇಲೆ ನಮ್ಮ ಹಿಂದಿನ ಮನೆಯ ತೆಲುಗು ಮೇಷ್ಟ್ರ ಮಗಳು ಬಂದಳು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ, ಶಾಲೆ ಬಿಟ್ಟ ಮೇಲೆ ಅವಳು ಬೆಳೆದದ್ದು ನಮ್ಮವ್ವನ ಹತ್ತಿರ. ಮಾತೂ ಅಕ್ಷರವೂ ಅವ್ವನೇ ಕಲಿಸಿದ್ದು. "ಹಿರಿಯರಿಗೆಲ್ಲಾ ಶರಣ್ರಿ. ಕನ್ನಡ ಅಂದ್ರ ನಮ್ಮ ಅಜ್ಜಿ ಮಾಡೂ ರೊಟ್ಟಿ ಇದ್ದಂಗ, ಬಿಸಿ ಇದ್ದಾಗನ ಚಂದ" ಎಂದು ಶುರುಮಾಡಿದವಳು, ಐದು ನಿಮಿಷ ಒಂದು ಪದ ತಪ್ಪಲಿಲ್ಲ. ಮುಂದಿನ ಸಾಲಿನಲ್ಲಿ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮೊದಲ ಬಹುಮಾನ ಆ ಹುಡುಗಿಗೇ.

ತಕ್ಷಣ ಪಾಲಕರು ಎದ್ದು ನಿಂತರು. "ಆಮೆದಿ ತೆಲುಗು ಕದಾ! ಇದೆಲಾ?" ಎಂದು ಒಬ್ಬರು, ತೆಲುಗು ಹುಡುಗಿಗೆ ಬಹುಮಾನ ಹೇಗೆ ಅಂತ. "ಯೇ ತೋ ಚೀಟಿಂಗ್ ಹೈ!" ಎಂದು ಇನ್ನೊಬ್ಬರು. ಕನ್ನಡದ ಉಳಿವಿಗಾಗಿ ಎರಡು ಭಾಷೆಗಳಲ್ಲಿ ಜೋರು ಹೋರಾಟ ನಡೆಯಿತು.

ಕನ್ನಡ ಸಂಘಕ್ಕೂ ನಮ್ಮ ಸೆಕ್ರೆಟರಿಯೇ ಸೆಕ್ರೆಟರಿ. ಅವರು ಮೈಕು ಹಿಡಿದು, "ತಕರಾರು ಇದ್ದವರು ಕನ್ನಡದಾಗ ಬರದು ಕೊಡ್ರಿ, ಕಮಿಟಿ ವಿಚಾರ ಮಾಡತೈತಿ" ಎಂದರು. ಎದ್ದು ನಿಂತವರೆಲ್ಲ ಕೂತರು. ಒಬ್ಬರು ಮಾತ್ರ ಮೂರನೇ ದಿನ ಒಂದು ಅರ್ಜಿ ತಂದುಕೊಟ್ಟರು. ಮುತ್ತಿನಂಥ ಅಕ್ಷರ, ಒಂದು ಕಾಗುಣಿತ ತಪ್ಪಿಲ್ಲ. ಸೆಕ್ರೆಟರಿಗೆ ಆಶ್ಚರ್ಯವಾಗಿ ಯಾರು ಬರೆದದ್ದೆಂದು ವಿಚಾರಿಸಿದರು.

ಬರೆದುಕೊಟ್ಟವಳು ಅದೇ ಹುಡುಗಿ.

ಮಾವನವರ ಆಗಮನ

ನಮ್ಮ ಮಾವನವರು ಬಿಜಾಪುರದವರು. ನಿವೃತ್ತ ಹೆಡ್‌ಮಾಸ್ತರು. ಗೋಳಗುಮ್ಮಟದ ನೆರಳಿನಲ್ಲಿ ಹುಟ್ಟಿ ಬೆಳೆದವರಿಗೆ ಬೇರೆ ಊರಿನಲ್ಲಿ ಏನು ತೋರಿಸಿದರೂ ಸಣ್ಣದೇ. ಚಾರ್‌ಮಿನಾರ್ ನೋಡಿ "ಕೆಳಗ ಟ್ರಾಫಿಕ್ ಭಾಳ ಐತಿ" ಎಂದಿದ್ದರು. ಗೋಲ್ಕೊಂಡಾದಲ್ಲಿ ಗೈಡ್ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಿಸಿದರೆ, "ಒಂದ ಸಲ ಏನು? ನಮ್ಮಲ್ಲಿ ಏಳು ಸಲ" ಎಂದು ಅವನ ಬಾಯಿ ಮುಚ್ಚಿಸಿದ್ದರು. ಅಳಿಯನ ವಿಷಯದಲ್ಲೂ ಅದೇ ಅಳತೆ. ಬಂದಾಗಲೆಲ್ಲ ಮಗಳ ಹತ್ತಿರ, "ಊರ ಹೊರಗ ಕಲ್ಲಿನಾಗ ತಂದು ಇಟ್ಟಾನ ನಿನ್ನ" ಎಂದು, ನನಗೆ ಕೇಳಿಸುವಷ್ಟು ಮೆಲ್ಲಗೆ ಹೇಳುತ್ತಿದ್ದರು.

ಒಮ್ಮೆ ಮೊಣಕಾಲು ನೋವೆಂದು ದೊಡ್ಡ ಡಾಕ್ಟರಿಗೆ ತೋರಿಸಲು ಬರುವವರಿದ್ದರು. ಸ್ಕೂಟರ್ ಹತ್ತುವುದು ಆಗದು. ನಮ್ಮ ಸಾಹೇಬರು ತಮ್ಮ ಸ್ವಂತದ ಬಿಳಿ ಅಂಬಾಸಡರ್ ಕಾರನ್ನು ಡ್ರೈವರ್ ಸಮೇತ ಕೊಟ್ಟರು.

ಅದೇ ವಾರ ನಮ್ಮ ರಸ್ತೆಗೆ ಒಂದು ಅದೃಷ್ಟ ಕುದುರಿತ್ತು. ಹತ್ತು ವರ್ಷದ ಗುಂಡಿಗಳು ಎರಡೇ ದಿನದಲ್ಲಿ ಮುಚ್ಚಿ ಡಾಂಬರು ಬಿದ್ದಿತ್ತು. ಹೊಸ ಗಾಜಿನ ಕಟ್ಟಡವೊಂದರ ಉದ್ಘಾಟನೆಗೆ ಯಾರೋ ದೊಡ್ಡವರು ಬರುವವರಿದ್ದರು. ಬರುವ ಹೊತ್ತು ಮಧ್ಯಾಹ್ನ ಎಂದು ನಾನು ಕೇಳಿದ್ದೆ. ನಾವು ಸ್ಟೇಷನ್ನಿನಿಂದ ಹೊರಟದ್ದು ಬೆಳಿಗ್ಗೆ ಒಂಬತ್ತಕ್ಕೆ. ಆದರೆ ಪಾಪ, ಶಾಲೆಯ ಮಕ್ಕಳನ್ನು ಏಳು ಗಂಟೆಯಿಂದಲೇ ಕೈಗೆ ಧ್ವಜ ಕೊಟ್ಟು ನಿಲ್ಲಿಸಿಬಿಟ್ಟಿದ್ದರು. 'ಬಿಳಿ ಕಾರು ಬಂದಾಗ ಕೈ ಬೀಸಬೇಕು' ಎಂಬುದಷ್ಟೇ ಅವರಿಗೆ ಕೊಟ್ಟ ಸೂಚನೆ.

ತಿರುವಿನಲ್ಲಿ ಪೊಲೀಸಿನವನು ಅಡ್ಡಗಟ್ಟೆ ಸರಿಸಿ ಸೆಲ್ಯೂಟ್ ಹೊಡೆದ. ಮರುಕ್ಷಣ ಬ್ಯಾಂಡು ಬಾರಿಸತೊಡಗಿತು. ಮಕ್ಕಳು ಕಿರುಚುತ್ತ ಧ್ವಜ ಬೀಸಿದರು. ಡ್ರೈವರ್ ಗಾಬರಿಯಾಗಿ ಕಾರು ನಿಲ್ಲಿಸಿದ. ನಮ್ಮ ಏರಿಯಾದ ಮುಖಂಡ ಓಡಿಬಂದು ಹಿಂದಿನ ಬಾಗಿಲು ತೆರೆದ. ಒಳಗೆ ಬಿಳಿ ಧೋತರ, ಕರಿ ಕೋಟು, ತಲೆಗೆ ಬಿಳಿ ಟೋಪಿ, ಮುಖದಲ್ಲಿ ಮೂವತ್ತು ವರ್ಷದ ಹೆಡ್‌ಮಾಸ್ತರಿಕೆಯ ಗತ್ತು. ಯಾರಿಗೆ ತಾನೆ ಅನುಮಾನ ಬಂದೀತು? ಕೊರಳಿಗೆ ಹಾರ ಬಿತ್ತು. ಹೆಂಗಸರು ಆರತಿ ಎತ್ತಿದರು.

ನಾನು ಮುಂದಿನ ಸೀಟಿನಲ್ಲಿ ಬೆವರುತ್ತಿದ್ದೆ. ಮಾವನವರು ಮೊಣಕಾಲು ನೋವು ಮರೆತು ಇಳಿದರು. ಕೈ ಮುಗಿದು, ಮಕ್ಕಳ ಕಡೆ ತಿರುಗಿ, ಅಭ್ಯಾಸಬಲದಿಂದ ಭಾಷಣವನ್ನೇ ಶುರುಮಾಡಿದರು. "ಮಕ್ಕಳೇ, ಚಂದಾಗಿ ಓದ್ರಿ. ಉಗುರು ತಕ್ಕೊಳ್ರಿ. ಸಾಲು ವಾಂಕಾಗೇತಿ, ನೆಟ್ಟಗ ನಿಂದ್ರಿ."

ಮುಖಂಡ ನನ್ನ ಕಿವಿಯಲ್ಲಿ, "ಸಾರ್‌ದಿ ಏ ಡಿಪಾರ್ಟ್‌ಮೆಂಟ್?" ಎಂದ.

ನನಗೆ ಹೊಳೆದದ್ದು ಒಂದೇ ಪದ. "ಎಜುಕೇಷನ್."

ಅವನು ಮೈಕು ಕಿತ್ತುಕೊಂಡು, ಸಾರ್ ನಮ್ಮ ಏರಿಯಾಕ್ಕೆ ಕಾಲೇಜು ಕೊಟ್ಟಿದ್ದಾರೆ ಎಂದು ತೆಲುಗಿನಲ್ಲಿ ಘೋಷಿಸಿಬಿಟ್ಟ. ಚಪ್ಪಾಳೆ ಮುಗಿಲು ಮುಟ್ಟಿತು. ಮಾವನವರು ಎಲ್ಲರಿಗೂ ಕೈ ಬೀಸುತ್ತ ಕಾರು ಹತ್ತಿದರು. ಮಧ್ಯಾಹ್ನ ನಿಜವಾದ ದೊಡ್ಡವರು ಬಂದಾಗ, ಮಕ್ಕಳು ಬಿಸ್ಕೀಟು ತಿಂದು ಮನೆಗೆ ಹೋಗಿದ್ದರಂತೆ. ರಸ್ತೆಯಲ್ಲಿದ್ದದ್ದು ಎರಡು ಎಮ್ಮೆ.

ಮನೆಯಲ್ಲಿ ಮಾವನವರು ಹಾರ ತೆಗೆಯದೆಯೇ ಚಹಾ ಕುಡಿದರು. ಆಮೇಲೆ ಕಪ್ಪು ಕೆಳಗಿಟ್ಟು, "ಅಳಿಯಂದ್ರ, ಇಷ್ಟೆಲ್ಲಾ ಯಾಕ ಮಾಡಾಕ ಹೋದ್ರಿ? ನಿಮ್ಮನ್ನ ನಾ ತಪ್ಪು ತಿಳ್ಕೊಂಡಿದ್ದೆ" ಎಂದರು. ಕಣ್ಣಲ್ಲಿ ನೀರಿತ್ತು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಒಳ್ಳೆಯ ಮಾತು. ನಿಜ ಹೇಳಬೇಕೆಂದು ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಲಟ್ಟಣಿಗೆ ಹಿಡಿದು ನಿಂತಿದ್ದಳು.

"ನಮ್ಮದೇನೈತ್ರಿ ಮಾವಾರ, ಎಲ್ಲಾ ಜನರ ಪ್ರೀತಿ" ಎಂದೆ.

ಅವರು ಊರಿಗೆ ಹೋದ ಆರು ತಿಂಗಳಿಗೆ ಕಾರ್ಡು ಬಂತು. ಹೆಂಡತಿ ಗಟ್ಟಿಯಾಗಿ ಓದಿದಳು: "ಮುಂದಿನ ಸೋಮವಾರ ಮತ್ತ ಬರಾಕತ್ತೀನಿ. ಈ ಸಲ ಬ್ಯಾಂಡು, ಆರತಿ ಏನೂ ಬ್ಯಾಡ ಅಂತ ಅಳಿಯಂದ್ರಿಗೆ ಹೇಳು. ಮಕ್ಕಳಷ್ಟ ಇರಲಿ. ಪಾಪ, ಬಿಸಲಾಗ ನಿಂದ್ರಸಬ್ಯಾಡಂತ ಹೇಳು, ನೆರಳಿದ್ದಲ್ಲಿ ನಿಂದ್ರಸಲಿ."