ಬರಬೇಕಾದ ನಾಲ್ಕು ದಿನಕ್ಕೂ ಟಿಕ್ಕು

ಶನಿವಾರ ಬೆಳಿಗ್ಗೆ ಎಂಟೂವರೆಗೆ, ಶಾಲೆಯ ಗೇಟಿನೆದುರಿನ ಬೇಕರಿಯಲ್ಲಿ, ಹೂಡಿಯ ಮುನೀಂದ್ರ ಟೀ ಲೋಟ ಅರ್ಧಕ್ಕೇ ಕೆಳಗಿಟ್ಟ. ಪಕ್ಕದಲ್ಲಿದ್ದ ಶಶಿಕುಮಾರನ ಕೈಯಲ್ಲಿ ಒಂದು ಹಸಿರು ಹಾಳೆ. ಹಾಳೆಯ ತುಂಬ ಟಿಕ್ಕುಗಳು.

“ಏನ್ರೀ ಅದು?”

“ಮಕ್ಕಳ ಹ್ಯಾಬಿಟ್ ಚಾರ್ಟ್ ಸಾರ್. ಇವತ್ತೇ ಮಿಸ್‌ಗೆ ಕೊಡ್ಬೇಕು. ನಿಮ್ದು ರೆಡಿ ಇದೆ ಅಲ್ವಾ?”

“ಇಲ್ದೆ ಏನು!” ಎಂದ ಮುನೀಂದ್ರ.

ಶಶಿಕುಮಾರ್ ಮುನೀಂದ್ರನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವನು, ಟೆಕ್ ಪಾರ್ಕಿನಲ್ಲಿ ಕೆಲಸ. ಅವನ ಮಗಳೂ ಮುನೀಂದ್ರನ ಮಗಳು ದೀಪುವೂ ಎರಡನೇ ಕ್ಲಾಸು. ಅವನು ಗೇಟು ದಾಟಿದ್ದೇ ತಡ, ಮುನೀಂದ್ರ ಸ್ಕೂಟರಿನ ಡಿಕ್ಕಿ ತೆಗೆದು ದೀಪುವಿನ ಡೈರಿ ಹುಡುಕಿದ. ನಾಲ್ಕು ಮಡಿಕೆಯಾಗಿ ಅದರೊಳಗೆ ಮಲಗಿದ್ದ ಹಸಿರು ಹಾಳೆ, ಈಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ ಖಾಲಿಯಾಗಿತ್ತು.

ತಪ್ಪು ಅವನದೇ. ತಿಂಗಳ ಮೊದಲಲ್ಲೇ ತಂಗಿಯ ಬಾಣಂತನಕ್ಕೆಂದು ಹೊಸಕೋಟೆಗೆ ಹೊರಟ ಹೆಂಡತಿ ಮಹಾಲಕ್ಷ್ಮಿ, “ದಿನಾ ತುಂಬ್ರೀ, ಮರೀಬೇಡಿ” ಎಂದು ಮೂರು ಸಲ ಹೇಳಿದ್ದಳು. ಆಗಲೂ ಅವನ ಕಿವಿಯಲ್ಲಿ ಫೋನಿತ್ತು. ಹದಿನಾಲ್ಕು ಮನೆ ಬಾಡಿಗೆಗೆ ಬಿಟ್ಟವನಿಗೆ ಬೋರ್‌ವೆಲ್ ಮೋಟಾರಿನವನು, ಲಿಫ್ಟ್ ರಿಪೇರಿಯವನು, ಮನೆ ತೋರಿಸುವ ಬ್ರೋಕರು, ಒಬ್ಬರಾದ ಮೇಲೊಬ್ಬರು ಮಾತಾಡಿಸುತ್ತಲೇ ಇರುತ್ತಾರೆ. ಎಲ್ಲರೂ ಮಲಗಿದ ಮೇಲೆ ರೀಲ್ಸು. ಹೆಂಡತಿ ಹೋದಂದಿನಿಂದ ದೀಪು ಕೆಳಗಿನ ಹಳೇಮನೆಯಲ್ಲಿ ಅಜ್ಜಿ ಸೊಣ್ಣಮ್ಮನ ಬಳಿ ಇದ್ದಳು. ಜಗಳವಿಲ್ಲ, ಗಲಾಟೆಯಿಲ್ಲ ಎಂದು ಇವನು ನಿಶ್ಚಿಂತೆಯಿಂದಿದ್ದ.

ಹಾಳೆಯಲ್ಲಿ ಏನೇನೋ ಕೇಳಿದ್ದರು. ಒಂಬತ್ತಕ್ಕೆ ನಿದ್ದೆ, ಬೆಳಿಗ್ಗೆ ತಿಂಡಿ, ಒಂದು ಗಂಟೆ ಹೊರಗೆ ಆಟ, ಸೊಪ್ಪು ತರಕಾರಿ, ಊಟದ ಹೊತ್ತಿಗೆ ಮೊಬೈಲು ಇಲ್ಲದಿರುವುದು, ದಿನದಲ್ಲಿ ನಡೆದದ್ದನ್ನು ಮನೆಯವರ ಹತ್ತಿರ ಹೇಳಿಕೊಳ್ಳುವುದು. ಮುನೀಂದ್ರ ತನ್ನ ಪೆನ್ನಿನ ಜೊತೆಗೆ ಬೇಕರಿಯವನದೊಂದು, ಆಟೋದವನದೊಂದು ಪೆನ್ನು ಇಸಕೊಂಡ. ಒಂದೊಂದು ದಿನಕ್ಕೆ ಒಂದೊಂದು ಪೆನ್ನು. ಅನುಮಾನ ಬರಬಾರದೆಂದು ಕೆಲವು ಟಿಕ್ಕು ಓರೆ, ಕೆಲವು ನೆಟ್ಟಗೆ. ಐದೇ ನಿಮಿಷದಲ್ಲಿ ತಿಂಗಳು ಮುಗಿಯಿತು.

ಕ್ಲಾಸಿನಲ್ಲಿ ಉಳಿದ ಅಪ್ಪ ಅಮ್ಮಂದಿರ ಎದುರಿಗೇ ಯಮುನಾ ಮಿಸ್ ಹಾಳೆ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು.

“ಸಾರ್, ಇವತ್ತು ಇಪ್ಪತ್ತಾರನೇ ತಾರೀಕು. ನೀವು ಮೂವತ್ತರವರೆಗೂ ಹಾಕಿದ್ದೀರಲ್ಲ?”

ಮುನೀಂದ್ರ ಹಾಳೆಯತ್ತ ಬಗ್ಗಿ ನೋಡಿದ. “ಅದು... ಅಷ್ಟು ಗ್ಯಾರಂಟಿ ಮೇಡಂ.”

ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತವನಿಗೆ ಕೇಳಿಸಿದ್ದು ಮಾತ್ರ ಬೇರೆಯೇ. “ನೋಡಿ ಪೇರೆಂಟ್ಸ್, ಹೀಗಿರ್ಬೇಕು ವಿಶ್ವಾಸ! ಹೋದ ತಿಂಗಳು ಈ ದೀಪು ವ್ಯಾನ್ ಕಿಟಕಿಯಿಂದ ಟಿಫನ್ ಬಾಕ್ಸ್ ಎಸೆದಿದ್ಳು. ಪಕ್ಕದ ಹುಡುಗೀನ ಕಚ್ಚಿದ್ಳು. ಈಗ ಅವಳೇ ಬೇರೆ ಮಕ್ಕಳ ಜಗಳ ಬಿಡಿಸ್ತಾಳೆ. ಒಂದೇ ತಿಂಗಳಲ್ಲಿ! ಹೇಗೆ ಮಾಡಿದ್ರಿ ಸಾರ್?”

ಮುನೀಂದ್ರ ಬಾಯಿ ಬಿಟ್ಟ. ಮಗಳು ಇಷ್ಟು ಬದಲಾದದ್ದು ಅವನಿಗೇ ಹೊಸ ಸುದ್ದಿ. “ಎಲ್ಲಾ... ಮಾಡ್ತಾ ಮಾಡ್ತಾ ಆಗ್ಹೋಯ್ತು ಮೇಡಂ.”

“ಹಾಗಾದ್ರೆ ಇವತ್ತು ಸಂಜೆ ನಾವೆಲ್ಲ ನಿಮ್ಮನೆಗೇ ಬಂದು ನೋಡ್ತೀವಿ. ಯಾರ್ಯಾರು ಬರ್ತೀರಾ?”

ಮೊದಲು ಕೈ ಎತ್ತಿದವನು ಶಶಿಕುಮಾರ್. “ನಮ್ಗೇನು ಮಿಸ್, ಮೆಟ್ಲು ಇಳಿದ್ರೆ ಆಯ್ತು!”

ಮುನೀಂದ್ರ ಮನೆಗೆ ಬಂದದ್ದು ಹೇಗೋ ಅವನಿಗೇ ನೆನಪಿಲ್ಲ. ಸೊಣ್ಣಮ್ಮ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

“ಅಮ್ಮಾ, ಸಂಜೆ ಮಿಸ್ಸು ಬರ್ತಾರೆ. ಅವರು ಏನು ಕೇಳಿದ್ರೂ ಹೂಂ ಅನ್ನು.”

“ಬರ್ಲಿ ಬಿಡ್ಲಾ. ಅದಕ್ಯಾಕೆ ಇಂಗೆ ಬೆವರ್ತೀಯ?” ಎಂದಳು ಮುದುಕಿ, ಕಡ್ಡಿ ಎಸೆಯುತ್ತ.

ದೀಪುವನ್ನು ಮೂಲೆಗೆ ಕರೆದು ಮುನೀಂದ್ರ ಜೇಬಿನಿಂದ ದೊಡ್ಡ ಚಾಕೊಲೇಟು ತೆಗೆದ. “ಪುಟ್ಟಿ, ಸಂಜೆ ಎಲ್ಲರ ಮುಂದೆ ಜಾಣೆ ಥರ ಇರ್ಬೇಕು. ಇದು ನಿಂಗೆ.”

“ಈಗ ಬೇಡ ಅಪ್ಪ. ಊಟಕ್ಕೆ ಮುಂಚೆ ತಿನ್ನಲ್ಲ.”

“ಎರಡು ಕೊಡ್ತೀನಿ!”

“ಎರಡಾದ್ರೂ ಊಟ ಆದ್ಮೇಲೇ.”

ಮುನೀಂದ್ರ ಚಾಕೊಲೇಟನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಇನ್ನೂ ಪಾಠ ಹೇಳಿಕೊಟ್ಟೇ ಇಲ್ಲ, ಇವಳು ಆಗಲೇ ಪಾತ್ರಕ್ಕಿಳಿದಿದ್ದಾಳೆ!

ಐದೂವರೆಗೆ ಯಮುನಾ ಮಿಸ್ ಬಂದರು. ಶಶಿಕುಮಾರ್, ಅವನ ಹೆಂಡತಿ ದೀಪಶ್ರೀ, ಇನ್ನೂ ನಾಲ್ಕು ಮನೆಯವರು ಬಂದರು. ಯಾರೂ ಕರೆಯದಿದ್ದರೂ ಎದುರುಮನೆಯ ಭದ್ರಮ್ಮ ಕುರ್ಚಿ ಸಮೇತ ಬಂದಳು.

ದೀಪು ಪಕ್ಕದ ಖಾಲಿ ಸೈಟಿನಲ್ಲಿ ಮಕ್ಕಳನ್ನೆಲ್ಲ ಸೇರಿಸಿ ಕುಂಟೆಬಿಲ್ಲೆ ಆಡಿಸಿದಳು. ಕತ್ತಲಾಗುತ್ತಲೇ ಯಾರೂ ಕರೆಯದೆ ಬಂದು ಕೈಕಾಲು ತೊಳೆದಳು. ಏಳು ಗಂಟೆಗೆ ಅಜ್ಜಿ ಮುದ್ದೆ, ಸೊಪ್ಪಿನ ಸಾರು ಬಡಿಸಿದರೆ, ಮೊನ್ನೆ ಮೊನ್ನೆಯವರೆಗೆ ಹಸಿರು ಕಂಡರೆ ಕಿರುಚುತ್ತಿದ್ದ ಹುಡುಗಿ ತಟ್ಟೆಯಂಚಿನ ಸೊಪ್ಪನ್ನೂ ಬಳಿದು ತಿಂದಳು. ಮುನೀಂದ್ರ ಬಾಗಿಲಿಗೊರಗಿ ನೋಡುತ್ತಿದ್ದ.

“ರಾತ್ರಿ ಎಷ್ಟು ಗಂಟೆಗೆ ಮಲಗ್ತೀಯ ದೀಪು?” ಮಿಸ್ ಕೇಳಿದರು.

“ಒಂಬತ್ತಕ್ಕೆ ಮಿಸ್. ಮಲಗೋ ಮುಂಚೆ, ಇವತ್ತು ಯಾತಕ್ಕೆ ಕೋಪ ಬಂತು, ಯಾತಕ್ಕೆ ಖುಷಿ ಆಯ್ತು ಅಂತ ಅಜ್ಜಿಗೆ ಹೇಳ್ತೀನಿ. ಹೇಳ್ಬಿಟ್ರೆ ಕೋಪ ಇರಲ್ಲ.”

ದೀಪಶ್ರೀ ಕಣ್ಣೊರೆಸಿಕೊಂಡಳು. ಮುನೀಂದ್ರ ಬಾಗಿಲನ್ನು ಬಿಗಿಯಾಗಿ ಹಿಡಿದುಕೊಂಡ. ಏಳು ವರ್ಷದ ಮಗು! ಕಣ್ಣು ಮಿಟುಕಿಸದೆ, ತಡವರಿಸದೆ, ಇಷ್ಟು ಚೆಂದವಾಗಿ ಸುಳ್ಳು ಹೇಳುತ್ತಿದೆ! ತಾನು ಹಾಕಿದ ಟಿಕ್ಕು ಉಳಿಸಲು! ಇವತ್ತು ಹೀಗಾದರೆ ಇಪ್ಪತ್ತು ವರ್ಷಕ್ಕೆ ಇವಳು ಊರನ್ನೇ ನಂಬಿಸಿ ಕೆರೆಗೆ ಇಳಿಸುತ್ತಾಳೆ.

ಅಷ್ಟರಲ್ಲಿ ಭದ್ರಮ್ಮ ಪರೀಕ್ಷೆಗೆಂದೇ ತನ್ನ ಫೋನಿನಲ್ಲಿ ಕಾರ್ಟೂನು ಹಾಕಿ ದೀಪುವಿನ ತಟ್ಟೆಯ ಪಕ್ಕ ಇಟ್ಟಳು. ದೀಪು ಅದನ್ನು ನಯವಾಗಿ ಆಚೆಗೆ ತಳ್ಳಿದಳು. “ಉಣ್ಣೋವಾಗ ಬೇಡ ಭದ್ರಜ್ಜಿ. ನೋಡ್ತಾ ಇದ್ರೆ ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ.”

ಮುನೀಂದ್ರನಿಗೆ ಇನ್ನು ತಡೆಯಲಾಗಲಿಲ್ಲ.

“ಸಾಕು ಮಗಳೇ, ಸಾಕು!” ಎಂದು ಕೂಗಿಬಿಟ್ಟ. “ಮೇಡಂ, ಎಲ್ಲಾ ಸುಳ್ಳು! ಚಾರ್ಟು ಬೆಳಿಗ್ಗೆ ಬೇಕರಿ ಮುಂದೆ ನಿಂತು ನಾನೇ ಗೀಚಿದ್ದು. ಒಂಬತ್ತಕ್ಕೆ ನಿದ್ದೇನೂ ಇಲ್ಲ, ಸೊಪ್ಪೂ ಇಲ್ಲ, ಏನೂ ಇಲ್ಲ! ಈ ಮಗು ನನ್ನ ಮಾನ ಉಳ್ಸೋಕೆ ಸುಳ್ಳು ಹೇಳ್ತಾ ಇದೆ. ನನ್ನನ್ನ ಏನಾದ್ರೂ ಅನ್ನಿ, ಅವಳನ್ನ ಬಿಟ್ಬಿಡಿ!”

ದೀಪುವಿನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಮೊದಲು ಬಾಯಿ ಬಿಟ್ಟವಳು ಸೊಣ್ಣಮ್ಮ. “ಏನ್ಲಾ ಅಂದೆ? ಸುಳ್ಳಾ?”

“ಅಮ್ಮ, ನೀನು ಸುಮ್ನಿರು...”

“ನೀನು ಸುಮ್ಕಿರ್ಲಾ! ನಿನ್ನೆಂಡ್ತಿ ಓದ್ ದಿನದಿಂದ ಮಗಾ ದಿನಾ ಇಂಗೇ ಉಣ್ತದೆ, ಇಂಗೇ ಆಡ್ತದೆ, ಒಂಬತ್ಗಂಟೆಗೆ ನನ್ ಪಕ್ಕ ಮಲಗ್ತದೆ. ಮೊದಲ್ನೇ ವಾರ ಅತ್ತು ಕರೆದು ರಂಪ ಮಾಡ್ತು, ಆಮೇಲೆ ತಾನೇ ದಾರಿಗೆ ಬಂತು. ನಿಂಗೆ ಏಳಕ್ಕೆ ಎಷ್ಟ್ ದಿನ ಬಂದಿವ್ನಿ! ಒಂದ್ ನಿಮಿಷ ಅಂತ ಬೆಳ್ಳು ತೋರ್ಸಿ ಫೋನ್ ಇಡ್ಕೊಂಡು ಅತ್ಲಾಗೆ ಓಯ್ತಿದ್ದೆ. ಆ ಒಂದ್ ನಿಮಿಷ ಇನ್ನೂ ಮುಗ್ದಿಲ್ಲ.”

“ಹೌದು ಸಾರ್,” ಎಂದಳು ದೀಪಶ್ರೀ ಮೆಲ್ಲಗೆ. “ನನ್ ಮಗಳೂ ದಿನಾ ಸಂಜೆ ಇವಳ ಜೊತೆನೇ ಆಡೋದು. ನಿಮ್ಗೆ ಗೊತ್ತಿಲ್ವಾ?”

ಬೆಳಿಗ್ಗೆ ಕಣ್ಣುಮುಚ್ಚಿ ಹಾಕಿದ ನೂರಾರು ಟಿಕ್ಕಿನಲ್ಲಿ, ಮೊದಲ ವಾರದ್ದು ಬಿಟ್ಟರೆ, ಒಂದೂ ಸುಳ್ಳಲ್ಲ. ಇಡೀ ದಿನ ಬೆವರು ಸುರಿಸಿ, ಧೈರ್ಯ ಒಟ್ಟುಗೂಡಿಸಿ, ಹತ್ತು ಜನರೆದುರು ನಿಜವೆಂದು ಒಪ್ಪಿಕೊಂಡದ್ದು ಮಾತ್ರ ಸುಳ್ಳು!

“ನಾನು ಸುಳ್ಳು ಹೇಳ್ದೆ ಅಂದ್ಬಿಟ್ರಲ್ಲ ಅಪ್ಪ!” ಎಂದವಳೇ ಮೂರು ವಾರದಲ್ಲಿ ಮೊದಲ ಸಲ ನೆಲಕ್ಕೆ ಬಿದ್ದು ಹೊರಳಾಡಿದಳು. ತಟ್ಟೆ ಹಾರಿತು. ಸೊಪ್ಪಿನ ಸಾರು ನೇರವಾಗಿ ಭದ್ರಮ್ಮನ ಫೋನಿನ ಮೇಲೆ ಬಿತ್ತು. ಭದ್ರಮ್ಮ ಕಿರುಚಿದ ಸದ್ದಿಗೆ ಉಳಿದ ಐದು ಮಕ್ಕಳೂ ಅಳಲು ಶುರುಮಾಡಿದವು.

ಸೊಣ್ಣಮ್ಮ ಮೊಮ್ಮಗಳನ್ನು ಮಡಿಲಿಗೆಳೆದು ಬೆನ್ನು ಸವರಿದಳು. “ಏಳ್ಬುಡು ಮಗಾ. ಯಾಕೆ ಕೋಪ ಬಂತು, ಏಳ್ಬುಡು.” ಬಿಕ್ಕಳಿಕೆ ಒಂದೊಂದೇ ಇಳಿಯಿತು. ಯಮುನಾ ಮಿಸ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, “ಅಪ್ಪನ ಮೇಲೆ ತುಂಬ ಕೋಪಾನಾ?” ಎಂದರು.

ದೀಪು ಮೂಗು ಒರೆಸಿಕೊಂಡು ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೋಪ ಹೋಗಿ ಕನಿಕರ ಬಂದಿತ್ತು. “ಪಾಪ, ಅಪ್ಪಂದು ತಪ್ಪಿಲ್ಲ ಮಿಸ್. ಅವರಿಗೆ ನಿದ್ದೆ ಸಾಲಲ್ಲ. ಅದಕ್ಕೇ ಹಿಂಗೆಲ್ಲ ಆಡ್ತಾರೆ.”

ಎಲ್ಲರ ಮುಖವೂ ಒಟ್ಟಿಗೆ ಮುನೀಂದ್ರನತ್ತ ತಿರುಗಿತು.

“ಹೌದಾ ಸಾರ್?” ಮಿಸ್ ದನಿ ತಟ್ಟನೆ ಮೃದುವಾಯಿತು, ಎರಡನೇ ಕ್ಲಾಸಿನವರೊಡನೆ ಮಾತಾಡುವ ಹಾಗೆ. “ರಾತ್ರಿ ಎಷ್ಟು ಗಂಟೆಗೆ ಮಲಗ್ತೀರಾ?”

ಮುನೀಂದ್ರ ಜೇಬಿನ ಫೋನನ್ನು ಅಂಗೈಯಿಂದ ಮುಚ್ಚಿಕೊಂಡ. “ಹತ್ತು... ಹತ್ತೂವರೆ ಆಗ್ಬಹುದು ಮೇಡಂ.”

“ಎರಡು ಗಂಟೆ!” ಎಂದು ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಹೇಳಿದರು.

“ಎರಡೂ ಕಾಲು,” ಎಂದು ತಿದ್ದಿದ ಮಹಡಿಯ ಶಶಿಕುಮಾರ್. “ರೀಲ್ಸ್ ಸೌಂಡು ನಮ್ ಬೆಡ್‌ರೂಮ್‌ಗೆ ಕೇಳುತ್ತೆ.”